ಕಾರು ಕಂಪನಿಗಳ ಜಾಲತಾಣ: ಗ್ರಾಹಕನ ವಿಶ್ವಾಸ ಉಳಿಯುವುದೆಲ್ಲಿ, ಅಳಿಯುವುದೆಲ್ಲಿ?

ಮನೆ ಮತ್ತು ಮದುವೆಗಳನ್ನು ಬಿಟ್ಟರೆ ಮಧ್ಯಮ ವರ್ಗದ ಕುಟುಂಬವೊಂದು ಒಮ್ಮೆಗೇ ಮಾಡುವ ದೊಡ್ಡ ವೆಚ್ಚವೆಂದರೆ ಕಾರಿನ ಖರೀದಿ. ಹಿಂದೆ ಇದಕ್ಕಾಗಿ ಗ್ರಾಹಕನು ಮೂರು ನಾಲ್ಕು ಷೋರೂಂಗಳ ಮೆಟ್ಟಿಲು ಹತ್ತಿ, ಬಣ್ಣದ ಕೈಪಿಡಿಗಳನ್ನು ಮನೆಗೆ ತಂದು, ಬಲ್ಲವರನ್ನು ವಿಚಾರಿಸಿ ತೀರ್ಮಾನಕ್ಕೆ ಬರುತ್ತಿದ್ದನು. ಇಂದು ಈ ಅಲೆದಾಟದ ಬಹುಪಾಲು ಮೊಬೈಲಿನ ತೆರೆಯ ಮೇಲೆಯೇ ಮುಗಿಯುತ್ತದೆ. ಷೋರೂಮಿನ ಬಾಗಿಲಿಗೆ ಬರುವ ವೇಳೆಗೆ ಆತನು ಮಾದರಿ, ಬಣ್ಣ, ಬೆಲೆಗಳ ಬಗ್ಗೆ ಒಂದು ನಿಶ್ಚಯಕ್ಕೆ ಬಂದಿರುತ್ತಾನೆ. ಹೀಗಾಗಿ ಕಂಪನಿಯ ಮೊದಲ ಮಾರಾಟಗಾರನ ಸ್ಥಾನವನ್ನು ಈಗ ಅದರ ಜಾಲತಾಣವೇ ವಹಿಸಿಕೊಂಡಿದೆ ಎಂದರೆ ತಪ್ಪಾಗಲಾರದು.

ಈ ಸತ್ಯವನ್ನು ಅರಿತ ಕಂಪನಿಗಳು ತಮ್ಮ ತಾಣಗಳ ಅಂದಚೆಂದಕ್ಕೆ ಧಾರಾಳವಾಗಿ ಹಣ ವಿನಿಯೋಗಿಸುತ್ತಿವೆ. ಕಾರನ್ನು ಎಲ್ಲ ದಿಕ್ಕುಗಳಿಂದಲೂ ತಿರುಗಿಸಿ ನೋಡಬಹುದು. ಬೇಕಾದ ಬಣ್ಣ ಹಚ್ಚಿ, ಬೇಕಾದ ಚಕ್ರ ತೊಡಿಸಿ ಪರೀಕ್ಷಿಸಬಹುದು. ಆದರೆ ಚಿತ್ರ ಸುಂದರವಾಗಿಲ್ಲವೆಂಬ ಕಾರಣಕ್ಕೆ ಕೈತಪ್ಪಿಹೋಗುವ ಗ್ರಾಹಕರು ವಿರಳ. ತೆರೆಯ ಮೇಲೆ ನೀಡಿದ ಮಾತು ಮಳಿಗೆಯ ಮೇಜಿನ ಮುಂದೆ ಬದಲಾದಾಗ, ಅಥವಾ ಕೇಳಿದ ಪ್ರಶ್ನೆಗೆ ಉತ್ತರವೇ ಬಾರದಿದ್ದಾಗ ಆತನು ದೂರ ಸರಿಯುತ್ತಾನೆ. ಜಾಲತಾಣದ ಸುಧಾರಣೆ ಆರಂಭವಾಗಬೇಕಾದುದು ಇಲ್ಲಿಂದಲೇ. ಈ ಮಾತು ಕಾರು ತಯಾರಕರಿಗೆ ಮಾತ್ರವಲ್ಲದೆ, ತಮ್ಮದೇ ಪುಟ್ಟ ತಾಣವನ್ನು ಹೊಂದಿರುವ ಪ್ರತಿಯೊಬ್ಬ ವರ್ತಕರಿಗೂ ಕಿರು ಉದ್ಯಮಿಗಳಿಗೂ ಅನ್ವಯಿಸುತ್ತದೆ.

ಮೂವತ್ತು ಸಾವಿರ ಎಪ್ಪತ್ತೈದು ಸಾವಿರವಾಗುವ ಬಗೆ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ರಾಜ್ಯದ ಗ್ರಾಹಕನೊಬ್ಬನು ರಾತ್ರಿ ಅಂಗಡಿ ಮುಚ್ಚಿದ ಬಳಿಕ ಕಂಪನಿಯೊಂದರ ತಾಣದಲ್ಲಿ ಒಂದೇ ಪೆಟ್ರೋಲ್ ಕಾರಿನ ಎರಡು ಶ್ರೇಣಿಗಳನ್ನು ಹೋಲಿಸುತ್ತಾನೆಂದು ಭಾವಿಸೋಣ. ಒಂದರ ಎಕ್ಸ್-ಷೋರೂಂ ಬೆಲೆ 9,90,000 ರೂ., ಇನ್ನೊಂದರದು 10,20,000 ರೂ. ಕೇವಲ 30,000 ರೂ. ಹೆಚ್ಚು ಕೊಟ್ಟರೆ ಉತ್ತಮ ಶ್ರೇಣಿ ದೊರೆಯುತ್ತದೆಂದು ಆತನು ಮನೆಯವರೊಡನೆ ಚರ್ಚಿಸಿ ಮೇಲಿನ ಶ್ರೇಣಿಯನ್ನೇ ಆರಿಸುತ್ತಾನೆ.

ಮರುದಿನ ಷೋರೂಮಿನಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. ಕರ್ನಾಟಕದ ಜೀವಾವಧಿ ತೆರಿಗೆಯ ಪಟ್ಟಿಯಂತೆ 5 ಲಕ್ಷದಿಂದ 10 ಲಕ್ಷ ರೂ.ವರೆಗಿನ ಕಾರಿಗೆ ಶೇ. 14, 10 ಲಕ್ಷದಿಂದ 20 ಲಕ್ಷದವರೆಗೆ ಶೇ. 17 ಹಾಗೂ ಅದಕ್ಕೂ ಮೇಲ್ಪಟ್ಟ ಬೆಲೆಗೆ ಶೇ. 18 ತೆರಿಗೆ ತಗಲುತ್ತದೆ. ಮೊದಲ ಶ್ರೇಣಿಗೆ ಈ ತೆರಿಗೆ 1,38,600 ರೂ. ಆದರೆ ಎರಡನೆಯದಕ್ಕೆ 1,73,400 ರೂ. ಆಗುತ್ತದೆ. ಬೆಲೆ 10 ಲಕ್ಷ ರೂ. ಮೀರಿದ್ದರಿಂದ ಶೇ. 1ರಂತೆ 10,200 ರೂ. ಮೂಲದಲ್ಲಿ ತೆರಿಗೆಯಾಗಿಯೂ ಸಂಗ್ರಹವಾಗುತ್ತದೆ. ಈ ಮೊತ್ತವನ್ನು ಮುಂದೆ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದರೂ ಖರೀದಿಯ ದಿನ ಅದು ಕೈಯಿಂದಲೇ ಹೋಗಬೇಕು. 30,000, 34,800 ಮತ್ತು 10,200 ರೂ.ಗಳನ್ನು ಕೂಡಿಸಿದರೆ ಎರಡು ಶ್ರೇಣಿಗಳ ನಡುವಣ ವ್ಯತ್ಯಾಸ 75,000 ರೂ. ತೆರಿಗೆಯ ಮೇಲಿನ ಉಪಕರ ಮತ್ತು ವಿಮೆಯ ಹೆಚ್ಚಳ ಇದರಲ್ಲಿ ಸೇರಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ತಾಣದಲ್ಲಿದ್ದ ಬೆಲೆ ಸರಿ. ಷೋರೂಮಿನ ಕೊಟೇಷನ್ ಕೂಡ ಸರಿ. ಆದರೂ ಗ್ರಾಹಕನ ಮನಸ್ಸಿನಲ್ಲಿ ತಾನು ಮೋಸಹೋದೆನೆಂಬ ಭಾವನೆ ಮೂಡುತ್ತದೆ. ಈ ಕೋಪಕ್ಕೆ ಗುರಿಯಾಗುವವನು ತಾಣವನ್ನು ರೂಪಿಸಿದ ತಂತ್ರಜ್ಞನಲ್ಲ, ಮೇಜಿನ ಆಚೆ ಕುಳಿತಿರುವ ಡೀಲರನ ನೌಕರ. ಹಲವು ಕಂಪನಿಗಳ ತಾಣಗಳಲ್ಲಿ ಈಗ ಊರಿನ ಹೆಸರನ್ನು ಆರಿಸಿದರೆ ಅಂದಾಜು ಆನ್-ರೋಡ್ ಬೆಲೆ ದೊರೆಯುತ್ತದೆ. ಈ ಅಂದಾಜು ತೆರಿಗೆ, ನೋಂದಣಿ, ವಿಮೆ ಎಂದು ಬಿಡಿಬಿಡಿಯಾಗಿ, ಹೋಲಿಕೆಯ ಪುಟದಲ್ಲಿಯೇ ಕಾಣುವಂತಿದ್ದರೆ ಮೇಲಿನ ಪ್ರಸಂಗ ಉದ್ಭವಿಸುವುದೇ ಇಲ್ಲ.

ಬೆಲೆಯ ಮಾಹಿತಿಯನ್ನು ಒಂದೇ ಕಡೆ ಇರಿಸಿ, ಅಲ್ಲಿಂದಲೇ ಎಲ್ಲ ಪುಟಗಳಿಗೂ ಒದಗಿಸುವ ವ್ಯವಸ್ಥೆಯ ಮಹತ್ವ 2025ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು, ಪರಿಹಾರ ಸೆಸ್ ರದ್ದಾಗಿ ದೊಡ್ಡ ಕಾರುಗಳಿಗೆ ಶೇ. 40ರ ದರ ನಿಗದಿಯಾಯಿತು. ಒಂದೇ ದಿನದಲ್ಲಿ ಬಹುತೇಕ ಮಾದರಿಗಳ ಎಲ್ಲ ಶ್ರೇಣಿಗಳ ಬೆಲೆ ಬದಲಾಗಬೇಕಾಯಿತು. ಇಂತಹ ಸಂದರ್ಭದಲ್ಲಿ ಮುಖಪುಟದಲ್ಲಿ ಹೊಸ ಬೆಲೆ, ಸಾಲದ ಕಂತು ತೋರಿಸುವ ಪುಟದಲ್ಲಿ ಹಳೆಯ ಬೆಲೆ ಉಳಿದರೆ ಗ್ರಾಹಕನು ಎರಡನ್ನೂ ನಂಬುವುದಿಲ್ಲ.

ಹ್ಯುಂಡೈ ನಡೆದುಬಂದ ದಾರಿ

ಕಾರಿನ ಖರೀದಿಯನ್ನು ಅಂತರ್ಜಾಲಕ್ಕೆ ಒಗ್ಗಿಸುವ ಪ್ರಯತ್ನದಲ್ಲಿ ದಕ್ಷಿಣ ಕೊರಿಯಾದ ಹ್ಯುಂಡೈ ಕಂಪನಿಯ ಅನುಭವ ಗಮನಾರ್ಹವಾದುದು. 2014ರಲ್ಲಿ ಅದು ಬ್ರಿಟನ್ನಿನ ಕೆಂಟ್ ಪ್ರಾಂತ್ಯದ ಬ್ಲೂವಾಟರ್ ಎಂಬ ದೊಡ್ಡ ಮಾಲ್ ಒಂದರಲ್ಲಿ ರಾಕರ್ ಸಂಸ್ಥೆಯ ಸಹಯೋಗದೊಡನೆ ಚಿಕ್ಕ ಮಳಿಗೆಯೊಂದನ್ನು ತೆರೆಯಿತು. ಬಟ್ಟೆಬರೆ ಕೊಳ್ಳಲು ಬಂದವರು ಅಲ್ಲಿಯ ತೆರೆಗಳ ಮೇಲೆ ತಾವೇ ಕಾರನ್ನು ಆರಿಸಿ, ಸ್ಥಿರ ಬೆಲೆಯನ್ನು ಕಂಡು, ಮಾಲ್‌ನಿಂದಲೇ ಟೆಸ್ಟ್ ಡ್ರೈವ್‌ಗೆ ಹೋಗಬಹುದಾಗಿತ್ತು. ಚೌಕಾಸಿಗೆ ಅವಕಾಶವಿಲ್ಲದಿದ್ದುದು ಗ್ರಾಹಕರಿಗೆ ಕೊರತೆಯಾಗುವ ಬದಲು ನೆಮ್ಮದಿಯ ಸಂಗತಿಯಾಗಲೆಂಬುದೇ ಅದರ ಹಿಂದಿನ ಆಲೋಚನೆ. 2017ರಲ್ಲಿ ಇದೇ ದೇಶದಲ್ಲಿ ‘ಕ್ಲಿಕ್ ಟು ಬೈ’ ಹೆಸರಿನ ಸೇವೆಯ ಮೂಲಕ ಸಾಲ ಹಾಗೂ ಹಳೆಯ ಕಾರಿನ ವಿನಿಮಯವೂ ಸೇರಿದಂತೆ ಖರೀದಿಯನ್ನು ಅಂತರ್ಜಾಲದಲ್ಲಿಯೇ ಪೂರೈಸುವ ಅನುಕೂಲ ಕಲ್ಪಿಸಲಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಕಂಪನಿಯು ‘ಷಾಪರ್ ಅಶ್ಯೂರೆನ್ಸ್’ ಎಂಬ ಯೋಜನೆಯನ್ನು ಪ್ರಕಟಿಸಿತು. ಅದರಲ್ಲಿ ನಾಲ್ಕು ಭರವಸೆಗಳಿದ್ದವು: ಡೀಲರನ ತಾಣದಲ್ಲಿ ಮುಚ್ಚುಮರೆಯಿಲ್ಲದ ಬೆಲೆ, ಗ್ರಾಹಕನು ಕರೆದಲ್ಲಿಗೆ ಕಾರು ತಂದು ಟೆಸ್ಟ್ ಡ್ರೈವ್, ಕಾಗದಪತ್ರಗಳ ಬಹುಭಾಗವನ್ನು ಅಂತರ್ಜಾಲದಲ್ಲಿ ಪೂರೈಸುವ ಅವಕಾಶ, ಮೂರು ದಿನಗಳೊಳಗೆ, 300 ಮೈಲಿಗಿಂತ ಕಡಿಮೆ ಓಡಿಸಿದ್ದರೆ, ಬೇರೆ ಹ್ಯುಂಡೈ ಕಾರಿಗೆ ಬದಲಾಯಿಸಿಕೊಳ್ಳುವ ಸೌಲಭ್ಯ. ಈ ನಾಲ್ಕರಲ್ಲಿ ಒಂದೂ ತಾಣದ ಸೌಂದರ್ಯಕ್ಕೆ ಸಂಬಂಧಿಸಿಲ್ಲ. ನಾಲ್ಕೂ ಗ್ರಾಹಕನ ಅಂಜಿಕೆಗಳಿಗೆ ನೀಡಿದ ಉತ್ತರಗಳು.

ಭಾರತದಲ್ಲಿ ಹ್ಯುಂಡೈ 2020ರ ಆರಂಭದಲ್ಲಿ ದೆಹಲಿ ವಲಯದಲ್ಲಿ ‘ಕ್ಲಿಕ್ ಟು ಬೈ’ ಸೇವೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, ಕೋವಿಡ್ ನಿರ್ಬಂಧದಿಂದ ಷೋರೂಂಗಳು ಮುಚ್ಚಿದ್ದ ಏಪ್ರಿಲ್ ತಿಂಗಳಲ್ಲಿ ದೇಶದ 500ಕ್ಕೂ ಹೆಚ್ಚು ಡೀಲರ್ ಮಳಿಗೆಗಳಿಗೆ ವಿಸ್ತರಿಸಿತು. ಮುಂದೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ 48 ನಗರಗಳಲ್ಲಿ ಅಮೆಜಾನ್ ತಾಣದ ಮೂಲಕ ಹೊಸ ಹ್ಯುಂಡೈ ಕಾರುಗಳ ಮಾರಾಟ ಆರಂಭವಾಯಿತು. ಅಲ್ಲಿಯೂ ಕಾರನ್ನು ಮಾರುವವನು ಡೀಲರನೇ. ಬೆಲೆ ನಿಗದಿಪಡಿಸುವವನೂ ಆತನೇ. ಗ್ರಾಹಕನು ಕಾರನ್ನು ಪಡೆಯುವುದೂ ಆತನ ಮಳಿಗೆಯಲ್ಲಿಯೇ. ಹತ್ತು ವರ್ಷಗಳ ಪ್ರಯೋಗದ ನಂತರವೂ ಮಳಿಗೆ ಇಲ್ಲವಾಗಲಿಲ್ಲ. ಮಳಿಗೆಗೂ ತೆರೆಗೂ ನಡುವೆ ಇದ್ದ ಅಂತರ ಕಡಿಮೆಯಾಯಿತು.

ಕರ್ನಾಟಕದಲ್ಲಿಯೇ ಬಿಡದಿಯ ಕಾರ್ಖಾನೆಯಲ್ಲಿ ಕಾರು ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ ಕಂಪನಿಯು 2023ರಲ್ಲಿ ‘ವೀಲ್ಸ್ ಆನ್ ವೆಬ್’ ಎಂಬ ಅಂತರ್ಜಾಲ ಮಾರಾಟ ವ್ಯವಸ್ಥೆಯನ್ನು ಮೊದಲು ಬೆಂಗಳೂರಿನಲ್ಲಿ ಆರಂಭಿಸಿತು. ಇಡೀ ದೇಶಕ್ಕೆ ಒಮ್ಮೆಗೇ ಕೈಹಾಕದೆ ಒಂದು ಊರಿನಲ್ಲಿ ಪರೀಕ್ಷಿಸಿ ಮುಂದುವರಿಯುವ ಈ ಕ್ರಮವನ್ನು ಹ್ಯುಂಡೈ ಕೂಡ ಅನುಸರಿಸಿತ್ತು ಎಂಬುದು ಗಮನಿಸತಕ್ಕ ಅಂಶ.

ಉಳಿದ ಎರಡು ಹೆಜ್ಜೆಗಳು

ಮಾರುತಿ ಸುಜುಕಿ ಕಂಪನಿಯು 2020ರ ನವೆಂಬರ್‌ನಲ್ಲಿ ತಿಳಿಸಿದಂತೆ, ಕಾರು ಖರೀದಿಯ 26 ಮುಖ್ಯ ಹಂತಗಳ ಪೈಕಿ 24ನ್ನು ಅದು ಅಂತರ್ಜಾಲಕ್ಕೆ ಅಳವಡಿಸಿತ್ತು. ಉಳಿದ ಎರಡು ಹಂತಗಳು ಟೆಸ್ಟ್ ಡ್ರೈವ್ ಮತ್ತು ಕಾರಿನ ಹಸ್ತಾಂತರ. ಸ್ಟಿಯರಿಂಗ್ ಹಿಡಿದು ಓಡಿಸುವ ಅನುಭವವನ್ನು ತೆರೆ ನೀಡಲಾರದು. ಬೀಗದ ಕೈಯನ್ನು ಪಡೆದು, ಕಾರಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಮನೆಯವರೊಡನೆ ಹೊರಡುವ ಸಂತೋಷವನ್ನೂ ನೀಡಲಾರದು.

ಈ ಎರಡು ಹೆಜ್ಜೆಗಳಲ್ಲಿ ಡೀಲರನ ಅಗತ್ಯ ಅಡಗಿದೆ. 24 ಹಂತಗಳನ್ನು ತಾಣ ಸುಲಭಗೊಳಿಸಿದ ಮೇಲೆ ಉಳಿದೆರಡು ಹಂತಗಳಲ್ಲಿ ಗ್ರಾಹಕನ ನಿರೀಕ್ಷೆ ಇನ್ನಷ್ಟು ಹೆಚ್ಚುತ್ತದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಟೆಸ್ಟ್ ಡ್ರೈವ್ ಎಂದು ತಾಣದಲ್ಲಿ ಖಚಿತಪಡಿಸಿಕೊಂಡು ಬಂದವನಿಗೆ ಬೇರೊಂದು ಶ್ರೇಣಿಯ ಕಾರನ್ನು ತೋರಿಸಿದರೆ ಹಿಂದಿನ 24 ಹಂತಗಳ ಶ್ರಮವೂ ವ್ಯರ್ಥ. ಆದುದರಿಂದ ತಾಣದಲ್ಲಿ ಗ್ರಾಹಕನು ಆರಿಸಿದ ಮಾದರಿ, ಬಣ್ಣ, ಹಳೆಯ ಕಾರಿನ ವಿವರಗಳು ಡೀಲರನ ಕೈಗೆ ಹಾಗೆಯೇ ತಲುಪಬೇಕು. ಒಮ್ಮೆ ಹೇಳಿದ್ದನ್ನು ಮೊದಲಿನಿಂದ ಮತ್ತೆ ಹೇಳುವಂತಾಗುವುದು ಯಾವ ಗ್ರಾಹಕನಿಗೂ ಹಿಡಿಸದು.

ವೇಗ ಮತ್ತು ಸರದಿ

ತಾಣದ ವೇಗಕ್ಕೆ ಈಗ ಸರ್ವಸಮ್ಮತವಾದ ಅಳತೆಗಳಿವೆ. ಗೂಗಲ್ ಸಂಸ್ಥೆಯ ಮಾನದಂಡದಂತೆ ಪುಟದ ಮುಖ್ಯ ಭಾಗ 2.5 ಸೆಕೆಂಡುಗಳೊಳಗೆ ಕಾಣಿಸಿಕೊಳ್ಳಬೇಕು. ಒತ್ತಿದ ಗುಂಡಿಗೆ ಪುಟವು 200 ಮಿಲಿಸೆಕೆಂಡುಗಳೊಳಗೆ ಸ್ಪಂದಿಸಬೇಕು. ಓದುತ್ತಿರುವಾಗ ಅಕ್ಷರ, ಚಿತ್ರಗಳು ಅತ್ತಿತ್ತ ಜಿಗಿಯಬಾರದು. ಭಾರಿ ಗಾತ್ರದ ಚಿತ್ರ ಹಾಗೂ ಚಲನಚಿತ್ರಗಳಿಂದ ತುಂಬಿದ ಕಾರು ತಾಣಗಳು ಎಡವುವುದು ಈ ಮೊದಲ ಪರೀಕ್ಷೆಯಲ್ಲಿಯೇ. ಕಂಪನಿಯ ಕಚೇರಿಯ ಹೊಸ ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ತೆರೆದುಕೊಳ್ಳುವ ಪುಟ, ತಾಲ್ಲೂಕು ಕೇಂದ್ರದ ಗ್ರಾಹಕನ ಸಾಧಾರಣ ಮೊಬೈಲಿನಲ್ಲಿ ತಡಕಾಡುತ್ತದೆ. ಪರೀಕ್ಷೆ ನಡೆಯಬೇಕಾದುದು ಆ ಸಾಧಾರಣ ಮೊಬೈಲಿನಲ್ಲಿ.

ಬೇಡಿಕೆ ಒಮ್ಮೆಗೇ ಉಕ್ಕಿದಾಗ ಏನು ಮಾಡಬೇಕೆಂಬುದಕ್ಕೆ ಮಹೀಂದ್ರ ಕಂಪನಿಯ ಸ್ಕಾರ್ಪಿಯೊ-ಎನ್ ಉತ್ತಮ ನಿದರ್ಶನ. 2022ರ ಜುಲೈ 30ರಂದು ಬುಕಿಂಗ್ ಆರಂಭವಾದ ಮೊದಲ ನಿಮಿಷದಲ್ಲಿ 25,000 ಹಾಗೂ 30 ನಿಮಿಷಗಳೊಳಗೆ 1 ಲಕ್ಷ ಬುಕಿಂಗ್‌ಗಳು ದಾಖಲಾದವೆಂದು ಕಂಪನಿ ಪ್ರಕಟಿಸಿತು. ಇದಕ್ಕೂ ಮೊದಲೇ, ಜುಲೈ 5ರಿಂದ, ಗ್ರಾಹಕರು ತಮಗೆ ಬೇಕಾದ ಶ್ರೇಣಿ ಹಾಗೂ ಬಣ್ಣವನ್ನು ಆರಿಸಿ ಕಾಯ್ದಿರಿಸಲು ಅನುವು ಮಾಡಿಕೊಡಲಾಗಿತ್ತು. ಬುಕಿಂಗ್ ದಿನದ ಅವಸರದಲ್ಲಿ ಆರಿಸಿದ್ದನ್ನು ಆಗಸ್ಟ್ 15ರವರೆಗೆ ಬದಲಾಯಿಸಿಕೊಳ್ಳುವ ಅವಕಾಶವೂ ಇತ್ತು. ಮೊದಲ ಕ್ರಮದಿಂದ ಗ್ರಾಹಕನಿಗೆ ಯೋಚಿಸಲು ಸಮಯ ದೊರೆಯಿತು. ಎರಡನೆಯದರಿಂದ ತಪ್ಪು ತಿದ್ದಿಕೊಳ್ಳಲು ದಾರಿ ದೊರೆಯಿತು. ಇಂತಹ ನೂಕುನುಗ್ಗಲಿನ ಬಳಿಕ ಉಳಿಯುವ ಪ್ರಶ್ನೆಯೆಂದರೆ ಕಾರು ಕೈಸೇರುವ ದಿನದ್ದು. ಕಾಯುವುದಕ್ಕೆ ಗ್ರಾಹಕನು ಸಿದ್ಧನಿರುತ್ತಾನೆ; ಎಷ್ಟು ದಿನವೆಂದು ತಿಳಿಯದೆ ಕಾಯುವುದು ಅವನಿಗೆ ಅಸಹನೀಯ. ಬುಕಿಂಗ್ ಸಂಖ್ಯೆಯನ್ನು ನಮೂದಿಸಿದೊಡನೆ ಸರದಿಯ ಸ್ಥಿತಿಯನ್ನು ತಿಳಿಸುವ ಒಂದು ಸರಳ ಪುಟ, ಹತ್ತಾರು ಜಾಹೀರಾತುಗಳಿಗಿಂತ ಹೆಚ್ಚಿನ ಸದ್ಭಾವನೆಯನ್ನು ಗಳಿಸಿಕೊಡುತ್ತದೆ.

ದೂರವಾಣಿ ಸಂಖ್ಯೆಯ ಹೊಣೆ

ಬೆಲೆ ನೋಡಬೇಕಾದರೂ ದೂರವಾಣಿ ಸಂಖ್ಯೆ ಕೊಡಬೇಕೆಂದು ಒತ್ತಾಯಿಸುವ ತಾಣಗಳಿವೆ. ಸಂಖ್ಯೆ ಕೊಟ್ಟ ಗ್ರಾಹಕನಿಗೆ ಕಂಪನಿಯ ಕಾಲ್ ಸೆಂಟರ್, ಇಬ್ಬರು ಮೂವರು ಡೀಲರರು, ಸಾಲ ನೀಡುವವರು, ವಿಮೆ ಮಾಡಿಸುವವರು ಎಲ್ಲರೂ ಕರೆ ಮಾಡತೊಡಗಿದರೆ ಆತನು ಬೇಸತ್ತು ಕರೆಗಳನ್ನೇ ತಿರಸ್ಕರಿಸುತ್ತಾನೆ. ಆಗ ನಿಜವಾಗಿ ಉತ್ತರಿಸಬೇಕಾದ ಡೀಲರನ ಕರೆಯೂ ತಲುಪುವುದಿಲ್ಲ. ಒಂದು ವಿಚಾರಣೆಗೆ ಒಬ್ಬನೇ ಹೊಣೆಗಾರನಿರುವುದು, ಆತನ ಹೆಸರು ಹಾಗೂ ಕರೆ ಮಾಡುವ ಸಮಯವನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ಇದಕ್ಕೆ ಪರಿಹಾರ.

ಕಾನೂನು ಕೂಡ ಇದೇ ದಿಕ್ಕಿನಲ್ಲಿ ಸಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಂತೆ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ನೀಡಿದಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಸಾಧ್ಯವಾಗಬೇಕು. ಈ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕನಿಗಿರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಸೂಚನೆಯನ್ನಷ್ಟೇ ಕನ್ನಡಕ್ಕೆ ತಂದು, ಬೆಲೆಪಟ್ಟಿ, ವಾರಂಟಿ ಮತ್ತು ಸಾಲದ ಷರತ್ತುಗಳನ್ನು ಇಂಗ್ಲಿಷಿನಲ್ಲಿಯೇ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮಗನು ತಾಣವನ್ನು ನೋಡಿದರೂ ಹಣ ಕೊಡುವ ತಂದೆ ಓದಬಯಸುವುದು ಈ ಷರತ್ತುಗಳನ್ನೇ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಗ್ರಾಹಕನನ್ನು ದಾರಿತಪ್ಪಿಸುವ ತಾಣವಿನ್ಯಾಸಗಳನ್ನು, ನಿಷೇಧಿಸಿವೆ. ಬೆಲೆಯ ಭಾಗಗಳನ್ನು ಮೊದಲೇ ಹೇಳದೆ ಕೊನೆಗೆ ಸೇರಿಸುವುದು, ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದು, ಇಲ್ಲದ ಅವಸರವನ್ನು ಸೃಷ್ಟಿಸುವುದು ಇವುಗಳಲ್ಲಿ ಸೇರಿವೆ. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ; ಆದರೆ ಹೆಚ್ಚುವರಿ ವಿಮಾ ರಕ್ಷಣೆ, ಸೀಟ್ ಕವರ್, ಬಣ್ಣದ ಲೇಪನಗಳು ಗ್ರಾಹಕನ ಇಚ್ಛೆಗೆ ಬಿಟ್ಟವು. ಕಡ್ಡಾಯ ಯಾವುದು, ಐಚ್ಛಿಕ ಯಾವುದೆಂದು ಬೇರ್ಪಡಿಸಿ ತೋರಿಸುವುದೇ ಸರಿಯಾದ ಕ್ರಮ.

ಡೀಲರನ ಪಾಲು

ಇಷ್ಟೆಲ್ಲ ಸುಧಾರಣೆಗಳ ನಡುವೆ ಡೀಲರನ ಆತಂಕವನ್ನು ಕಡೆಗಣಿಸುವಂತಿಲ್ಲ. ಲಕ್ಷಾಂತರ ರೂಪಾಯಿ ಬಾಡಿಗೆ, ದಾಸ್ತಾನಿನ ಮೇಲಿನ ಬಡ್ಡಿ, ನೌಕರರ ಸಂಬಳ ಆತನ ತಲೆಯ ಮೇಲಿರುತ್ತವೆ. ತಾಣದ ಮೂಲಕ ಕಂಪನಿಯೇ ನೇರ ಮಾರಾಟಕ್ಕಿಳಿದರೆ ತನ್ನ ಗತಿಯೇನೆಂಬ ಪ್ರಶ್ನೆ ಸಹಜವಾದುದು. ಮರ್ಸಿಡಿಸ್-ಬೆಂಜ್ ಇಂಡಿಯಾ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ವ್ಯವಸ್ಥೆಯಲ್ಲಿ ಕಾರುಗಳ ದಾಸ್ತಾನು ಕಂಪನಿಯದೇ. ದೇಶದಾದ್ಯಂತ ಒಂದೇ ಬೆಲೆ. ಬಿಲ್ಲನ್ನೂ ಕಂಪನಿಯೇ ನೀಡುತ್ತದೆ. ಡೀಲರನಿಗೆ ಕಮಿಷನ್ ದೊರೆಯುತ್ತದೆ. ದಾಸ್ತಾನಿನ ಭಾರ ಇಳಿಯುವುದು ಇದರ ಅನುಕೂಲ. ಬೆಲೆಯ ಮೇಲಿನ ಸ್ವಾತಂತ್ರ್ಯ ಹೋಗುವುದು ಇದರ ಇನ್ನೊಂದು ಮುಖ. ಯಾವ ಪದ್ಧತಿಯನ್ನೇ ಅನುಸರಿಸಿದರೂ, ತಾಣದಿಂದ ಬಂದ ಗ್ರಾಹಕನಿಗೆ ಸೇವೆ ಸಲ್ಲಿಸಿದ ಡೀಲರನಿಗೆ ನ್ಯಾಯವಾದ ಪಾಲು ಮೊದಲೇ ಗೊತ್ತಾಗಿರಬೇಕು. ತನಗೇನೂ ದಕ್ಕದ ಮಾರಾಟಕ್ಕೆ ಯಾರೂ ಮನಃಪೂರ್ವಕವಾಗಿ ಶ್ರಮಿಸುವುದಿಲ್ಲ. ಅದರ ಫಲವನ್ನು ಅನುಭವಿಸುವವನು ಗ್ರಾಹಕ.

ಕಿರು ಉದ್ಯಮಿಗಳಿಗೆ ಪಾಠ

ಪೀಣ್ಯದ ಯಂತ್ರಭಾಗ ತಯಾರಕರಾಗಲಿ, ಬೆಳಗಾವಿಯ ಫೌಂಡ್ರಿ ಮಾಲೀಕರಾಗಲಿ, ದಾವಣಗೆರೆಯ ಬಟ್ಟೆ ವರ್ತಕರಾಗಲಿ ಕಾರು ಕಂಪನಿಗಳಂತೆ ಕೋಟಿಗಟ್ಟಲೆ ವ್ಯಯಿಸಬೇಕಾಗಿಲ್ಲ. ಮೇಲೆ ಹೇಳಿದ ಸುಧಾರಣೆಗಳಲ್ಲಿ ಹೆಚ್ಚಿನವು ಹಣಕ್ಕಿಂತ ಶಿಸ್ತನ್ನು ಬೇಡುತ್ತವೆ. ಬೆಲೆ ಹೇಳುವಾಗ ಜಿ.ಎಸ್.ಟಿ., ಪ್ಯಾಕಿಂಗ್, ಸಾಗಣೆ ಸೇರಿದೆಯೇ ಇಲ್ಲವೇ ಎಂಬುದನ್ನು ಅದೇ ಸಾಲಿನಲ್ಲಿ ಹೇಳಬೇಕು. ಬಿಡಿಭಾಗಗಳ ತಯಾರಕರು ಕಾರ್ಖಾನೆಯ ಕಟ್ಟಡದ ಚಿತ್ರಕ್ಕಿಂತ ಮೊದಲು ತಾವು ಬಳಸುವ ಲೋಹ, ಸಾಧಿಸಬಲ್ಲ ನಿಖರತೆ, ಕನಿಷ್ಠ ಆರ್ಡರ್ ಪ್ರಮಾಣ, ಪೂರೈಕೆಗೆ ಬೇಕಾಗುವ ದಿನಗಳನ್ನು ನಮೂದಿಸಬೇಕು. ತಾಣದ ಮೂಲಕ ಬರುವ ವಿಚಾರಣೆಗಳಿಗೆ ಉತ್ತರಿಸುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಬೇಕು. ಆಗದ ಕೆಲಸವನ್ನು ಆಗದೆಂದು ಅಂದೇ ತಿಳಿಸಿದರೆ, ಆ ಗಿರಾಕಿ ಮುಂದೊಮ್ಮೆ ಬೇರೆ ಕೆಲಸಕ್ಕೆ ಮರಳಿ ಬರುವ ಸಾಧ್ಯತೆಯಾದರೂ ಉಳಿಯುತ್ತದೆ.

ಪ್ರತಿಯೊಬ್ಬ ಮಾಲೀಕರೂ ಖರ್ಚಿಲ್ಲದೆ ನಡೆಸಬಹುದಾದ ಪರೀಕ್ಷೆಯೊಂದಿದೆ. ತಿಂಗಳಿಗೊಮ್ಮೆ ಮನೆಯವರ ಮೊಬೈಲಿನಿಂದ, ಗುರುತು ಹೇಳದೆ, ತಮ್ಮದೇ ಸಂಸ್ಥೆಯ ತಾಣದಲ್ಲಿ ಒಂದು ವಿಚಾರಣೆ ಸಲ್ಲಿಸಬೇಕು. ಪುಟ ತೆರೆಯಲು ಎಷ್ಟು ಹೊತ್ತಾಯಿತು, ಕೊನೆಯ ಬೆಲೆ ತಿಳಿಯಲು ಎಷ್ಟು ಬಾರಿ ಕೇಳಬೇಕಾಯಿತು, ಉತ್ತರ ಎಷ್ಟು ಗಂಟೆಗಳ ಬಳಿಕ ಬಂತು ಎಂಬ ಮೂರು ಅಂಶಗಳನ್ನು ಬರೆದಿಟ್ಟುಕೊಳ್ಳಬೇಕು. ಅಂಗಡಿಗೆ ಬಂದ ಗಿರಾಕಿಯನ್ನು ಮಾತನಾಡಿಸದೆ ನಿಲ್ಲಿಸುವ ವರ್ತಕರು ಯಾರೂ ಇಲ್ಲ. ಜಾಲತಾಣದ ಬಾಗಿಲಲ್ಲಿ ನಿಂತ ಗಿರಾಕಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಆತನು ಎಷ್ಟು ಹೊತ್ತು ಕಾದು ಹಿಂದಿರುಗಿದನೆಂಬುದು ಈ ಲೆಕ್ಕದಿಂದ ಮಾತ್ರ ತಿಳಿಯುತ್ತದೆ.